ಹೆಸರಿದ್ದ ರೀಲು

ನೈಟ್ರೇಟ್ ಫಿಲ್ಮ್ ಒಮ್ಮೆ ಹೊತ್ತಿಕೊಂಡರೆ ನೀರಿನೊಳಗೂ ಉರಿಯುತ್ತದೆ. ಇದನ್ನು ನಾನು ಪುಸ್ತಕ ಓದಿ ತಿಳಿದದ್ದಲ್ಲ. ಪುಣೆಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ, ನನಗೆ ಕೆಲಸ ಕಲಿಸಿದ ಲಿಮಯೆ ಸಾಹೇಬರು ನನ್ನನ್ನು ಕಟ್ಟಡದ ಹಿಂದಿನ ಬಯಲಿಗೆ ಕರೆದುಕೊಂಡು ಹೋದರು. ಬೆರಳುದ್ದದ ಒಂದು ತುಂಡನ್ನು ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿದರು. ಬುಸ್ಸೆಂದು ಹಳದಿ ಬೆಂಕಿ ಎದ್ದಿತು. ತಕ್ಷಣ ಅದನ್ನು ಬಕೆಟ್ಟಿನ ನೀರಿಗೆ ಅದ್ದಿದರು. ಬೆಂಕಿ ಆರಲಿಲ್ಲ. ನೀರಿನ ಅಡಿಯಲ್ಲಿ, ಗುಳ್ಳೆಗಳ ನಡುವೆ, ಅದು ಕೊನೆಯ ಚೂರಿನ ತನಕ ಉರಿಯಿತು.

"ಘಾಬರಲಾತ?" ಎಂದು ಮರಾಠಿಯಲ್ಲಿ ಕೇಳಿದರು. ಹೆದರಿದಿರಾ ಎಂದು.

ನಾನು ಧಾರವಾಡದವಳು, ಹೊಸ ನೌಕರಿ, ಹೆದರಿದೆ ಎನ್ನಲು ನಾಚಿಕೆ. ಇಲ್ಲ ಎಂದೆ.

"ಹಾಗಾದರೆ ನಾಳೆಯಿಂದ ಬರಬೇಡಿ," ಎಂದರು. ಮರುದಿನ ಹೋಗಿ, ರಾತ್ರಿಯಿಡೀ ನಿದ್ದೆ ಬರಲಿಲ್ಲ ಎಂದು ಒಪ್ಪಿಕೊಂಡ ಮೇಲೆಯೇ ಅವರು ನನ್ನ ಕೈಗೆ ಹತ್ತಿಯ ಗ್ಲೌಸ್ ಕೊಟ್ಟದ್ದು.

ಹೀಗೆ ಶುರುವಾದ ಕೆಲಸವನ್ನು ಮೂವತ್ತನಾಲ್ಕು ವರ್ಷ ಮಾಡಿದೆ. ಹಳೆಯ ವಿತರಕರ ಮನೆತನವೊಂದರ ಟ್ರಸ್ಟ್ ನಡೆಸುತ್ತಿದ್ದ ಸಣ್ಣ ಫಿಲ್ಮ್ ಸಂಗ್ರಹ ಅದು. ಈಗ ಅಲ್ಲಿಗೆ ಹೊಸದಾಗಿ ಸೇರಿದ ಮೂವರು ಮನೆಗೆ ಬಂದು, ನಿಮ್ಮ ಕಾಲದ ಕೆಲಸ ಹೇಗಿತ್ತು ಬರೆದುಕೊಡಿ ಎಂದರು. ಅವರ ಕೆಲಸವೆಲ್ಲ ಈಗ ಕಂಪ್ಯೂಟರಿನ ಮುಂದೆ. ಫಿಲ್ಮನ್ನು ಕೈಯಲ್ಲಿ ಹಿಡಿಯುವುದು ವರ್ಷಕ್ಕೆ ನಾಲ್ಕು ಸಲವೋ ಐದು ಸಲವೋ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾರು ಹಾರ ಹಾಕಿದರು ಎಂಬುದು ಅವರಿಗೆ ಉಪಯೋಗವಿಲ್ಲ. ನನ್ನ ಕೈ ತಪ್ಪಿದ ಸಂಗತಿಗಳೇ ಅವರಿಗೆ ಬೇಕಾಗುವಂಥವು.

ನನ್ನ ಹುದ್ದೆಯ ಹೆಸರು ಫಿಲ್ಮ್ ಚೆಕರ್. ಎರಡು ತಟ್ಟೆಗಳ ನಡುವೆ ಫಿಲ್ಮನ್ನು ಕೈಯಿಂದ ಸುತ್ತುತ್ತ ಹೋಗುವುದು. ಎಡಗೈಯ ಎರಡು ಬೆರಳಲ್ಲಿ ಅಂಚನ್ನು ಹಿಡಿದು, ಹರಿದ ತೂತು ಎಲ್ಲಿದೆ, ಹಳೆಯ ಅಂಟು ಎಲ್ಲಿ ಬಿಟ್ಟಿದೆ ಎಂದು ಬೆರಳಲ್ಲೇ ಓದುವುದು. ಮೂಗೂ ಬೇಕು. ನಂತರದ ಕಾಲದ ಫಿಲ್ಮು ಕೆಟ್ಟರೆ ವಿನೆಗರಿನಂಥ ಹುಳಿ ವಾಸನೆ. ಮೊದಲ ಕಾಲದ್ದು, ಅಂದರೆ ನೈಟ್ರೇಟು, ಕೆಟ್ಟರೆ ಹಸಿ ಕಾಲುಚೀಲದ ವಾಸನೆ. ಮೊದಲು ಬಣ್ಣ ತಿರುಗುತ್ತದೆ, ಆಮೇಲೆ ಜೇನಿನಂತೆ ಅಂಟುತ್ತದೆ, ಆಮೇಲೆ ನೊರೆ ಏಳುತ್ತದೆ, ಕೊನೆಗೆ ಕಂದು ಪುಡಿಯಾಗುತ್ತದೆ. ಅಂಟುವ ಹಂತ ದಾಟಿದ ಮೇಲೆ ಕಡ್ಡಿ ಗೀರುವುದೂ ಬೇಡ. ಪುಣೆಯ ಮೇ ತಿಂಗಳ ಬಿಸಿಲು ಸಾಕು. ಮುಚ್ಚಿದ ಡಬ್ಬಿಯೊಳಗೆ ತಾನೇ ಬಿಸಿಯಾಗಿ ಒಂದು ದಿನ ಹೊತ್ತಿಕೊಳ್ಳುತ್ತದೆ. ಹೊತ್ತುವ ಮೊದಲೇ ನೀರಿನಲ್ಲಿ ಮುಳುಗಿಸಿಟ್ಟರೆ ಮಾತ್ರ ಅಪಾಯವಿಲ್ಲ. ಆಗ ಚಿತ್ರವೂ ಹೋಗುತ್ತದೆ.

ನನ್ನ ಮೊದಲ ದೊಡ್ಡ ತಪ್ಪು ಐದನೇ ವರ್ಷದಲ್ಲಿ ಆಯಿತು. ಡಬ್ಬಿಯ ಮೇಲಿನ ಚೀಟಿ ನಂಬಿ, ತೆರೆದು ನೋಡದೆ, ಒಂದು ನೈಟ್ರೇಟ್ ರೀಲನ್ನು ಸಾಮಾನ್ಯ ರೀಲುಗಳ ಕೋಣೆಯಲ್ಲಿ ಇಟ್ಟೆ. ಮೇಲಿನ ಮಹಡಿಯಲ್ಲಿ ಹದಿನೆಂಟು ಜನ ಕೂತು ಕೆಲಸ ಮಾಡುತ್ತಿದ್ದರು. ಒಂಬತ್ತು ತಿಂಗಳು ಅದು ಅಲ್ಲೇ ಇತ್ತು. ಏನೂ ಆಗಲಿಲ್ಲ. ಗೊತ್ತಾದ ದಿನ ಲಿಮಯೆ ಸಾಹೇಬರು ನನಗೆ ಬೈಯಲಿಲ್ಲ. ಆ ಹದಿನೆಂಟು ಜನರ ಹೆಸರನ್ನು ನನ್ನ ಕೈಯಿಂದ ಒಂದು ಹಾಳೆಯಲ್ಲಿ ಬರೆಸಿದರು, ಅಷ್ಟೇ. 

ಇನ್ನು ಹೇಳಬೇಕಾದದ್ದು ಖಡಕಿಯ ಆರು ಡಬ್ಬಿಗಳ ಸಂಗತಿ. ಅದು ನಾನು ನಿವೃತ್ತಳಾಗುವ ಮೂರು ವರ್ಷ ಮೊದಲು ನಡೆದದ್ದು.

ಪುಣೆಗೆ ಹತ್ತಿದ ಖಡಕಿಯ ದಂಡಿನ ಪ್ರದೇಶದಲ್ಲಿ, ಬ್ರಿಟಿಷ್ ಸೈನಿಕರ ಕಾಲದಿಂದ ಇದ್ದು ಎಷ್ಟೋ ವರ್ಷದಿಂದ ಮುಚ್ಚಿದ್ದ ಒಂದು ಟಾಕೀಸನ್ನು ಕೆಡವುತ್ತಿದ್ದರು. ಮೆಟ್ಟಿಲ ಕೆಳಗಿನ ಇಟ್ಟಿಗೆಯ ಗೂಡಿನಲ್ಲಿ ತುಕ್ಕು ಹಿಡಿದ ಡಬ್ಬಿಗಳಿವೆ ಎಂದು ಕೆಡವುವ ಕಂತ್ರಾಟುದಾರ ಫೋನ್ ಮಾಡಿದ. ನಾನೂ ಬಾಬುರಾವ್ ಕಟ್ಟಿಮನಿಯೂ ಜೀಪು ತೆಗೆದುಕೊಂಡು ಹೋದೆವು. ಬಾಬುರಾವ್ ನಮ್ಮ ಪ್ರೊಜೆಕ್ಟರ್ ಆಪರೇಟರ್. ಅವರ ತಂದೆ ಬೈಲಹೊಂಗಲದ ಕಡೆಯಿಂದ ಬಂದು ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿದವರು. ಬಾರೂದಿನ ಹತ್ತಿರ ಹೋಗುವಾಗ ಹತ್ತಿ ಬಟ್ಟೆಯೇ ಉಡಬೇಕು, ಮೊಳೆ ಹೊಡೆದ ಚಪ್ಪಲಿ ಮೆಟ್ಟಬಾರದು, ಕಬ್ಬಿಣದ ಬದಲು ಹಿತ್ತಾಳೆಯ ಉಪಕರಣ ಹಿಡಿಯಬೇಕು ಎಂಬುದೆಲ್ಲ ಅವರಿಗೆ ಮನೆಯಲ್ಲೇ ಬಂದ ಪಾಠ.

ಗೂಡಿನ ಬಾಗಿಲು ತೆಗೆದದ್ದೇ ವಾಸನೆ ಮುಖಕ್ಕೆ ಹೊಡೆಯಿತು.

"ಅಕ್ಕಾರ, ಇದು ಛಲೋ ವಾಸನಿ ಅಲ್ರಿ," ಎಂದರು ಬಾಬುರಾವ್. "ನೀವು ಹಿಂದ ಸರೀರಿ. ನಾ ತಗೀತೀನಿ."

ಇಬ್ಬರೂ ಸೇರಿ ತೆಗೆದೆವು. ಆರು ಡಬ್ಬಿ. ಒಂದರ ಮೇಲೂ ಚೀಟಿ ಇರಲಿಲ್ಲ. ಒದ್ದೆ ಟವಲು ಹಾಸಿದ ಬುಟ್ಟಿಗಳಲ್ಲಿ ಇಟ್ಟು, ಮೇಲೆ ಮತ್ತೆ ಒದ್ದೆ ಟವಲು ಹೊದಿಸಿ, ಜೀಪಿನ ಎಲ್ಲ ಕಿಟಕಿ ತೆರೆದು ಹೊರಟೆವು. ನಮ್ಮ ನೈಟ್ರೇಟ್ ಶೆಡ್ ದೇಹೂ ರೋಡಿನ ಆಚೆ. ಅಲ್ಲಿಯ ತನಕ ಮೇ ತಿಂಗಳ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಹೋಗಬೇಕು. ಬಜಾರಿನ ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಟೆಂಪೋದವನು ಕಿಟಕಿಯಾಚೆ ಕೈ ಚಾಚಿ ಬೀಡಿಯ ಬೂದಿ ಕೊಡವಿದ. ಕಿಡಿ ನಮ್ಮ ಜೀಪಿನಿಂದ ಮೊಳದಷ್ಟು ದೂರದಲ್ಲಿ ಬಿತ್ತು. ಬಾಬುರಾವ್ ಇಳಿದು ಹೋಗಿ, "ದಾದಾ, ಬೀಡಿ ವಿಝವಾ. ಗಾಡೀತ ಪೆಟ್ರೋಲ್ ಸಾಂಡಲಂಯ," ಎಂದರು. ಗಾಡಿಯಲ್ಲಿ ಪೆಟ್ರೋಲ್ ಚೆಲ್ಲಿದೆ, ಆರಿಸು ಎಂದು. ಅವನು ನಕ್ಕು ಆರಿಸಿದ. ಪೆಟ್ರೋಲ್ ಎಂದಾಗ ಜನ ನಂಬುತ್ತಾರೆ. ಫಿಲ್ಮ್ ಎಂದಿದ್ದರೆ ನಂಬುತ್ತಿರಲಿಲ್ಲ.

ಶೆಡ್ಡಿನಲ್ಲಿ ತೆರೆದು ನೋಡಿದರೆ ಎರಡು ಡಬ್ಬಿ ಬರೀ ಪುಡಿ. ಅವನ್ನು ಅಂದೇ ನೀರಿಗೆ ಹಾಕಿದೆವು. ಮೂರು ರೀಲು ಚೆನ್ನಾಗಿಯೇ ಇದ್ದವು. ಒಂದು ಮಾತ್ರ ಅಂಟಾಗಿತ್ತು, ಅಂಚಿನಲ್ಲಿ ನೊರೆ.

ಗಟ್ಟಿಯಿದ್ದ ಒಂದು ರೀಲನ್ನು ತಣ್ಣನೆಯ ದೀಪದ ಮುಂದೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಮೂಕಿ ಚಿತ್ರ, ನಡುನಡುವೆ ಇಂಗ್ಲಿಷಿನಲ್ಲಿ ಬರೆದ ಮಾತು. ಊಟದ ಮೇಜಿನ ಸುತ್ತ ಒಂದು ಸಂಸಾರ. ಕೋಟು ತೊಟ್ಟ ಡಾಕ್ಟರು, ಪಿಯಾನೋ ಮುಂದೆ ಕೂತ ಹೆಂಗಸು, ಪುಸ್ತಕ ಹಿಡಿದ ಮೇಷ್ಟ್ರು. ಎಲ್ಲರೂ ಕಪ್ಪುಜನರು. ಒಂದು ಬಿಳಿ ಮುಖವೂ ಇಲ್ಲ.

ನಾನು ಬೆರಗಾದದ್ದಕ್ಕೆ ಕಾರಣವಿದೆ. ನನ್ನ ಕೈಯಲ್ಲಿ ಎಷ್ಟೋ ಹಳೆಯ ಅಮೆರಿಕನ್ ರೀಲುಗಳು ಹಾದುಹೋಗಿದ್ದವು. ಅವುಗಳಲ್ಲಿ ಕಪ್ಪು ಮನುಷ್ಯ ಬಂದರೆ ಬಾಗಿಲು ತೆರೆಯಲು, ಪೆಟ್ಟಿಗೆ ಹೊರಲು, ದೆವ್ವ ಕಂಡು ಕಣ್ಣರಳಿಸಿ ಓಡಲು. ಊಟಕ್ಕೆ ಕೂತದ್ದನ್ನು ನಾನು ಕಂಡಿರಲೇ ಇಲ್ಲ. ಬಡಿಸುವುದನ್ನು ಮಾತ್ರ ಕಂಡಿದ್ದೆ.

ಆ ಬೇಸಿಗೆ ಪುಣೆಯ ಸಿನಿಮಾ ವಿದ್ಯಾರ್ಥಿಗಳಿಗೆ ಪಾಠ ಮಾಡಲು ಅಮೆರಿಕದಿಂದ ಅಡೆಲ್ ಪ್ರೂಯಿಟ್ ಎಂಬ ನಿರ್ದೇಶಕಿ ಬಂದಿದ್ದರು. ಅರವತ್ತರ ಹತ್ತಿರದ ಕಪ್ಪು ಹೆಣ್ಣುಮಗಳು. ನಮ್ಮ ಸಂಗ್ರಹಕ್ಕೂ ಒಮ್ಮೆ ಬಂದು ಹೋಗಿದ್ದರು. ಅವರಿಗೆ ಹೇಳಿ ಕಳಿಸಿದೆ. ಮರುದಿನ ಬೆಳಿಗ್ಗೆಯೇ ಆಟೋ ಮಾಡಿಕೊಂಡು ದೇಹೂ ರೋಡಿನ ತನಕ ಬಂದರು. ಹತ್ತಿ ಕುರ್ತಾ, ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ.

ಭೂತಗನ್ನಡಿಗೆ ಕಣ್ಣಿಟ್ಟವರು ತುಂಬ ಹೊತ್ತು ತಲೆ ಎತ್ತಲಿಲ್ಲ. ಎತ್ತಿದಾಗ ಕೇಳಿದ ಮೊದಲ ಪ್ರಶ್ನೆ, "ಇದನ್ನು ಮಾಡಿದವರ ಹೆಸರು ಎಲ್ಲಿದೆ?"

"ಇನ್ನೂ ಸಿಕ್ಕಿಲ್ಲ ಮೇಡಂ. ಇವು ಎರಡು, ಮೂರು, ಐದನೇ ಭಾಗ. ಹೆಸರು ಇರುವುದು ಒಂದನೇ ಭಾಗದಲ್ಲಿ," ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ.

ಅಂದು ಮಧ್ಯಾಹ್ನ ಬೇವಿನ ಮರದ ಕೆಳಗೆ ಊಟದ ಡಬ್ಬಿ ಬಿಚ್ಚಿ ಉಣ್ಣುವಾಗ ಅವರೇ ಮಾತು ತೆಗೆದರು. ಆ ಮೂಕಿ ಕಾಲದಲ್ಲೇ ಅವರ ಜನ ತಮ್ಮದೇ ಕಂಪನಿ ಕಟ್ಟಿ, ತಮ್ಮವರಿಗಾಗಿ ಸಿನಿಮಾ ಮಾಡಿದ್ದರಂತೆ. ತಮ್ಮವರಿಗೆಂದೇ ಬೇರೆ ಇದ್ದ ಟಾಕೀಸುಗಳಲ್ಲಿ ತೋರಿಸುತ್ತಿದ್ದರಂತೆ. ಅವುಗಳಲ್ಲಿ ಹೆಚ್ಚಿನವು ಹಾಳಾಗಿ ಹೋದವು. ಓಡಿ ಸವೆದ ಪ್ರಿಂಟುಗಳನ್ನು ವ್ಯಾಪಾರಿಗಳು ಒಟ್ಟಾಗಿ ಕೊಂಡು ದೂರದೇಶಗಳಿಗೆ ಸಾಗಿಸುತ್ತಿದ್ದರಂತೆ. ಇದೂ ಹಾಗೇ ಬಂದಿರಬೇಕು.

"ನಾನು ಸಿನಿಮಾ ಕಲಿಯಲು ಸೇರಿದಾಗ, ನಿನಗಿಂತ ಮೊದಲು ನಿನ್ನಂಥವರು ಯಾರೂ ಇರಲಿಲ್ಲ ಎಂದು ಮೇಷ್ಟ್ರು ಹೇಳಿದ್ದರು. ಹೊಗಳಿಕೆ ಎಂದುಕೊಂಡೆ," ಎಂದರು ಅಡೆಲ್. "ಅದರಷ್ಟು ಹೆದರಿಕೆಯ ಮಾತು ಇನ್ನೊಂದಿಲ್ಲ ಗಿರಿಜಾ. ಹಿಂದೆ ಯಾರೂ ಇಲ್ಲದವಳು ಎಡವಿದರೆ, ಇವರಿಗೆ ಇದು ಬರುವುದಿಲ್ಲ ಎಂದೇ ಅರ್ಥವಾಗುತ್ತದೆ."

ಅವರ ಮೊದಲ ಸಿನಿಮಾ ಮುಗಿಯಲು ಆರು ವರ್ಷ ಹಿಡಿಯಿತಂತೆ. ಎರವಲು ಕ್ಯಾಮೆರಾ, ಶನಿವಾರ ಭಾನುವಾರ ಮಾತ್ರ ಚಿತ್ರೀಕರಣ, ನಟಿಸಿದ್ದು ಚಿಕ್ಕಮ್ಮ ಮತ್ತು ಗೆಳತಿಯರು. ಅದನ್ನು ಇಗರ್ಜಿಗಳಲ್ಲಿ, ಗ್ರಂಥಾಲಯಗಳಲ್ಲಿ ತೋರಿಸಿದರು. ಯಾವ ಟಾಕೀಸೂ ತೆಗೆದುಕೊಳ್ಳಲಿಲ್ಲ. ಹನ್ನೆರಡು ವರ್ಷದ ನಂತರ ದೊಡ್ಡ ಸ್ಟುಡಿಯೋ ಒಂದು ಕರೆಯಿತು.

"ಅವರು ನನ್ನನ್ನು ಕೂರಿಸಿ ಹೇಳಿದ್ದು ಒಂದೇ ಮಾತು. ಇದು ಓಡದಿದ್ದರೆ, ನಿಮ್ಮ ಜನರ ಸಿನಿಮಾ ಓಡುವುದಿಲ್ಲ ಎಂದು ನಾವು ತಿಳಿಯುತ್ತೇವೆ ಎಂದು. ಅದೇ ವರ್ಷ ಅದೇ ಸ್ಟುಡಿಯೋದಲ್ಲಿ ಬಿಳಿಯ ಹುಡುಗನೊಬ್ಬನ ಸಿನಿಮಾ ಮಕಾಡೆ ಮಲಗಿತು. ಬಿಳಿಯರ ಸಿನಿಮಾ ಓಡುವುದಿಲ್ಲ ಎಂದು ಯಾರೂ ಹೇಳಲಿಲ್ಲ."

"ನಿಮ್ಮದು ಓಡಿತೇ?"

"ಓಡಿತು. ಆದರೆ ಆ ಹೆದರಿಕೆಯಲ್ಲಿ ನಾನು ಹೇಗಿದ್ದೆ ಎಂದು ನೆನೆಸಿಕೊಂಡರೆ ಈಗಲೂ ಒಳ್ಳೆಯದೆನಿಸುವುದಿಲ್ಲ." ಆಮೇಲೆ ನಕ್ಕರು. "ಈಗಿನ ನಮ್ಮ ಮಕ್ಕಳು ಎಷ್ಟು ಸಿನಿಮಾ ಮಾಡುತ್ತಾರೆಂದರೆ ಎಲ್ಲವನ್ನೂ ನೋಡಲು ನನಗೆ ಪುರಸೊತ್ತಿಲ್ಲ. ದೊಡ್ಡವು, ಸಣ್ಣವು, ಚೆನ್ನಾಗಿರುವವು, ಕೆಟ್ಟವು. ಕೆಟ್ಟ ಸಿನಿಮಾ ಮಾಡಿಯೂ ಮತ್ತೊಂದು ಮಾಡಲು ಸಿಗುತ್ತದೆ. ಅದಕ್ಕಿಂತ ಇನ್ನೇನು ಬೇಕು?"

ಮೂರನೆಯ ದಿನ ಮಧ್ಯಾಹ್ನ ಅಂಟಾದ ರೀಲಿನ ಹೊರಸುತ್ತನ್ನು ಗಾಜಿನ ಕೆಳಗಿಟ್ಟು ನೋಡಿದೆ. ನೊರೆಯ ಕೆಳಗೆ ಹೂಬಳ್ಳಿಯ ಚೌಕಟ್ಟು ಕಂಡಿತು. ಅದರೊಳಗೆ ಇಂಗ್ಲಿಷ್ ಅಕ್ಷರ. ಬರೆದು ನಿರ್ದೇಶಿಸಿದವರು ಎಂಬಲ್ಲಿಗೆ ನಿಂತಿತ್ತು. ಕೆಳಗೆ ಹೆಸರಿರಬೇಕಾದ ಜಾಗ ಬೊಕ್ಕೆ ಎದ್ದು ಕರಗಿ ಹೋಗಿತ್ತು. ಆದರೆ ಹೆಸರು ಬರೆದ ಹಲಗೆಯನ್ನು ಪರದೆಯ ಮೇಲೆ ಓದುವಷ್ಟು ಹೊತ್ತು ತೋರಿಸಲು ಅದೇ ಅಕ್ಷರ ಫಿಲ್ಮಿನ ನೂರಾರು ಚೌಕದಲ್ಲಿ ಅಚ್ಚಾಗಿರುತ್ತದೆ. ಹೊರಸುತ್ತಿನಲ್ಲಿ ಹೋದದ್ದು ಒಳಸುತ್ತಿನಲ್ಲಿ ಉಳಿದಿರಬಹುದು. ಮೂಳೆಯ ಚಾಕು ತೂರಿಸಿ ಎರಡು ಮೂರು ಸುತ್ತು ಬಿಡಿಸಿದರೆ ಸಾಕು. ಒಂದು ಗಂಟೆಯ ಕೆಲಸ.

ಅಡೆಲ್ ಕುರ್ಚಿಯ ಅಂಚಿಗೆ ಬಂದು ಕೂತರು.

ಆದರೆ ಹೊರಗೆ ಉರಿಬಿಸಿಲು, ನನ್ನ ಬೆವರು ಗ್ಲೌಸಿನಿಂದ ಇಳಿಯುತ್ತಿತ್ತು. ನಾಳೆ ಬೆಳಿಗ್ಗೆ ಏಳು ಗಂಟೆಗೆ, ತಂಪು ಹೊತ್ತಿನಲ್ಲಿ ಮಾಡೋಣ ಎಂದೆ. ಕೋಣೆಯಲ್ಲಿ ಕೂಲರ್ ಇದೆ, ಒಂದು ದಿನದಲ್ಲಿ ಏನಾಗುತ್ತದೆ ಎಂದೆ. ಅದು ಜಾಣತನದ ಮಾತಾಗಿ ಕೇಳಿಸಿತು. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಇಷ್ಟು ವರ್ಷದ ಕೆಲಸದಲ್ಲಿ ನಾನು ಮಾಡಿದ ಎರಡನೆಯ ದೊಡ್ಡ ತಪ್ಪು ಅದೇ.

ಬೆಳಿಗ್ಗೆ ಹೋದರೆ ಶೆಡ್ಡಿನಲ್ಲಿ ಕರೆಂಟಿಲ್ಲ. ರಸ್ತೆಯ ತಿರುವಿನ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಜನರೇಟರು ರಾತ್ರಿಯೇ ಎರಡು ತಾಸು ಓಡಿ ಕೆಮ್ಮಿ ನಿಂತಿತ್ತು; ಕೂಲರ್ ಇಲ್ಲದೆ ಅಂಟಾದ ರೀಲನ್ನು ಬಿಡಿಸುವಂತಿರಲಿಲ್ಲ. ಗೋಡೆಯ ಮೇಲಿನ ಉಷ್ಣಮಾಪಕ ಒಂಬತ್ತು ಗಂಟೆಗೆ ಮೂವತ್ತನಾಲ್ಕು ತೋರಿಸಿದ್ದು, ಹನ್ನೊಂದಕ್ಕೆ ಮೂವತ್ತೆಂಟಕ್ಕೆ ಏರಿತು. ನಲವತ್ತು ದಾಟಿದರೆ ಇಂಥ ರೀಲಿನ ಮಾತು ಹೇಳಲಾಗುವುದಿಲ್ಲ.

ಟ್ರಸ್ಟಿನ ವ್ಯವಸ್ಥಾಪಕರಾಗಿದ್ದ ಇನಾಮದಾರ ಸಾಹೇಬರು ಕಾರಿನಲ್ಲಿ ಓಡಿ ಬಂದರು. ಅವರನ್ನು ಕಲ್ಲುಮನಸ್ಸಿನವರು ಎಂದು ಯಾರೂ ತಿಳಿಯಬಾರದು. ನಾನು ಸೇರಿದಾಗ ಶೆಡ್ಡಿನ ಸುತ್ತ ಜೋಳದ ಹೊಲ ಇತ್ತು. ಈ ಸಂಗತಿ ನಡೆಯುವ ಹೊತ್ತಿಗೆ ಬೇಲಿಯ ಆಚೆ, ದುಡಿಯುವ ತಾಯಂದಿರು ಕೂಸುಗಳನ್ನು ಬಿಟ್ಟುಹೋಗುವ ಒಂದು ಪಾಳಣಾಘರ ಆಗಿತ್ತು. ಸಾಹೇಬರು ಮೊದಲು ಅಲ್ಲಿಗೇ ಹೋಗಿ, ಗ್ಯಾಸ್ ಸೋರಿದೆ ಎಂದು ಸುಳ್ಳು ಹೇಳಿ, ಮಕ್ಕಳನ್ನೆಲ್ಲ ಹೊರಗೆ ಕಳಿಸಿ ಬಂದಿದ್ದರು. ಅವರ ಅಂಗಿ ಬೆನ್ನಿಗೆ ಅಂಟಿತ್ತು.

"ಗಿರಿಜಾಬಾಯಿ, ಹೇ ಫಿಲ್ಮ್ ನಾಹೀತ, ಬಾಂಬ್ ಆಹೇತ," ಎಂದರು. ಇವು ಫಿಲ್ಮಲ್ಲ, ಬಾಂಬು. "ನಾಲ್ಕನ್ನೂ ನೀರಿಗೆ ಹಾಕಿ. ಈಗಲೇ."

ಬಾಬುರಾವ್ ಅಷ್ಟರಲ್ಲೇ ಮೀನು ಮಾರುವವರ ದೊಡ್ಡ ಥರ್ಮೋಕೋಲ್ ಪೆಟ್ಟಿಗೆಗಳನ್ನೂ ಬರ್ಫದ, ಅಂದರೆ ಐಸಿನ, ಗಡ್ಡೆಗಳನ್ನೂ ಟೆಂಪೋದಲ್ಲಿ ತರಿಸಿದ್ದರು. ಡಬ್ಬಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಬರ್ಫದಲ್ಲಿ ಇಟ್ಟರೆ ಕರೆಂಟು ಬರುವ ತನಕ ಉಳಿಯುತ್ತವೆ ಎಂದು ನಾನು ಬೇಡಿಕೊಂಡೆ. ಸಾಹೇಬರು ಉಷ್ಣಮಾಪಕ ನೋಡಿದರು, ಬೇಲಿಯ ಆಚೆ ನೋಡಿದರು.

"ಯಾವ ಡಬ್ಬಿ ತಣ್ಣಗಿದೆ ಎಂದು ನೀವು ಕೈಯಿಟ್ಟು ನೋಡಿ ಹೇಳುತ್ತೀರೋ ಅದು ಬರ್ಫಕ್ಕೆ. ಯಾವುದು ಬಿಸಿ ಇದೆಯೋ ಅದು ನೀರಿಗೆ. ಬಿಸಿಯಾದದ್ದನ್ನು ಬಿಡಿಸುತ್ತ ಕೂರಲು ನಾನು ಬಿಡುವುದಿಲ್ಲ." ಇಷ್ಟು ಹೇಳಿ ಅಗ್ನಿಶಾಮಕದವರಿಗೆ ಫೋನ್ ಮಾಡಲು ಗೇಟಿಗೆ ಹೋದರು.

ಕೋಣೆಯೊಳಗೆ ನಾವು ಮೂವರು. ನಾನು, ಬಾಬುರಾವ್, ಮೇಜಿನ ಆಚೆ ಅಡೆಲ್. ನೀವು ಹೊರಗೆ ಹೋಗಿ ಎಂದರೆ ಅವರು ಕೇಳಲಿಲ್ಲ.

ಬಲಗೈಯ ಗ್ಲೌಸ್ ತೆಗೆದೆ. ಎರಡನೇ ಭಾಗದ ಡಬ್ಬಿಯ ಮೇಲೆ ಅಂಗೈ ಇಟ್ಟೆ. ಕೋಣೆಯಷ್ಟೇ ಬೆಚ್ಚಗೆ. ಮೂರನೆಯದು, ಐದನೆಯದು, ಅವೂ ಹಾಗೇ. ಅವನ್ನು ಬಾಬುರಾವ್ ಬರ್ಫಕ್ಕೆ ಸೇರಿಸಿದರು. ಉಳಿದದ್ದು ಹೆಸರಿದ್ದ ರೀಲು.

ಅದರ ಮೇಲೆ ಕೈಯಿಟ್ಟೆ. ಬಿಸಿ ತಾಗಿತು. ಅಥವಾ ತಾಗಿತು ಎಂದು ನನ್ನ ಕೈ ನನಗೆ ಹೇಳಿತು. ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ಅಂಗೈಯಲ್ಲೂ ಅದೇ ಬಡಿತ. ಕೈ ತೆಗೆದು ಸೆರಗಿಗೆ ಒರೆಸಿಕೊಂಡೆ.

"ಬಿಸಿ ಅದರಿ," ಎಂದೆ. ನನ್ನ ಮೇಲೆ ನನಗೇ ನಂಬಿಕೆ ಬರಲಿಲ್ಲ. "ಬಾಬುರಾವ್, ನೀವೂ ಒಮ್ಮೆ ಕೈ ಇಟ್ಟ ನೋಡ್ರಿ."

ಅವರು ಬಾಗಿದರು. ನಾನು ಕಿಟಕಿಯ ಕಡೆ ತಿರುಗಿ ಉಷ್ಣಮಾಪಕ ನೋಡುತ್ತಿದ್ದೆ. ಮೂವತ್ತೊಂಬತ್ತೂವರೆ.

"ಹೌದ್ರಿ ಅಕ್ಕಾರ," ಎಂದಿತು ಅವರ ದನಿ. "ಭಾಳ ಬಿಸಿ ಅದ."

ಅಡೆಲ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಇಬ್ಬರೂ ನೋಡಿದೆವು, ಬಿಸಿಯಾಗಿದೆ, ಬಿಡಿಸಲು ಆಗುವುದಿಲ್ಲ. ಹೇಳುವಾಗ ಅವರ ಮುಖ ನೋಡಲಿಲ್ಲ. ಅವರು ನನ್ನನ್ನಾಗಲಿ ಬಾಬುರಾವ್ ಅವರನ್ನಾಗಲಿ ಏನೂ ಕೇಳಲಿಲ್ಲ. ಒದ್ದೆ ಟವಲು ಎತ್ತಿ ಡಬ್ಬಿಗೆ ಸುತ್ತಿ, ಕೂಸನ್ನು ಎತ್ತಿದ ಹಾಗೆ ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು, ಬಿಸಿಲಿನಲ್ಲಿ ಅಂಗಳ ದಾಟಿ ನೀರಿನ ಡ್ರಮ್ಮಿನ ತನಕ ನಡೆದರು. ನಾನು ಬೇಡ ಬೇಡ ಎನ್ನುತ್ತ ಹಿಂದೆ ಓಡಿದೆ. ಡ್ರಮ್ಮಿನ ಮೇಲೆ ಒಂದು ಕ್ಷಣ ಹಾಗೇ ಹಿಡಿದು ನಿಂತರು. ಆಮೇಲೆ ಕೈ ಬಿಟ್ಟರು. ಡಬ್ಬಿಯೊಳಗಿನ ಗಾಳಿ ಗುಳುಗುಳು ಎಂದು ಮೇಲೆ ಬಂದು ನಿಂತಿತು. ಬೆಂಕಿ ಬರಲಿಲ್ಲ. ಅವರ ಮೊಣಕೈ ತನಕ ಕುರ್ತಾ ನೆನೆದಿತ್ತು.

ಸಂಜೆ ಕರೆಂಟು ಬಂತು. ಮೂರು ರೀಲು ಉಳಿದವು. ಒಂದು ವರ್ಷದ ಮೇಲೆ ಅವುಗಳ ನಕಲು ತಯಾರಾಯಿತು. ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚಿನ ಚಿತ್ರ. ಅಡೆಲ್ ಅಷ್ಟರಲ್ಲಿ ಊರಿಗೆ ಹಿಂತಿರುಗಿದ್ದರು. ಒಂದು ಪ್ರತಿ ಅವರಿಗೂ ಹೋಯಿತು. ನಮ್ಮ ಪಟ್ಟಿಯಲ್ಲಿ ಆ ಚಿತ್ರದ ಎದುರಿಗೆ 'ನಿರ್ದೇಶಕರು: ತಿಳಿದಿಲ್ಲ' ಎಂದು ನಾನೇ ಟೈಪು ಮಾಡಿದೆ. ನೀವು ಮೂವರೂ ಈಗ ಕಂಪ್ಯೂಟರಿನಲ್ಲಿ ನೋಡುವ ಸಾಲು ಅದೇ.

ಮನೆಯಲ್ಲಿ ನಮ್ಮ ಯಜಮಾನರಿಗೆ ಆ ದಿನದ ಸಂಗತಿ ನಾನು ಹೇಳಿರಲಿಲ್ಲ. ಕರೆಂಟ್ ಹೋಗಿ ತುಸು ತೊಂದರೆಯಾಯಿತು ಎಂದಿದ್ದೆ. ಇದನ್ನು ಓದಿದರೆ ಅವರಿಗೆ ಈಗ ಗೊತ್ತಾಗುತ್ತದೆ.

ನಿವೃತ್ತಿಯ ನಂತರವೂ ಪ್ರತಿ ಮೇ ತಿಂಗಳಲ್ಲಿ ನನ್ನ ಬಲಗೈ ಆ ಡಬ್ಬಿಯನ್ನು ಮುಟ್ಟುತ್ತದೆ. ಅಡುಗೆಮನೆಯಲ್ಲಿ ಬಿಸಿಲಿಗೆ ಕಾದ ಸ್ಟೀಲ್ ಡಬ್ಬಿ ಎತ್ತಿದರೂ ಗಾಬರಿ. ನಾಲ್ಕೂ ಡಬ್ಬಿ ಒಂದೇ ಕೋಣೆಯಲ್ಲಿದ್ದವು. ಅದೊಂದೇ ಹೆಚ್ಚು ಬಿಸಿ ಇತ್ತೇ? ಇದ್ದಿರಲೇಬೇಕು, ಬಾಬುರಾವ್ ಕೂಡ ನೋಡಿದರಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಈಚೆಗೆ ಒಂದು ದಿನ ಬಾಬುರಾವ್ ಫೋನ್ ಮಾಡಿದರು. ಅವರೂ ಈಗ ನಿವೃತ್ತರು. "ಅಕ್ಕಾರ, ಅಡೆಲ್ ಮೇಡಂ ಅವರ ಹೊಸಾ ಪಿಕ್ಚರ್ ಖರಾಡಿಗೆ ಬಂದದ. ಹೋಗೂಣೇನ್ರಿ?"

ಬೆಳಗಿನ ಆಟಕ್ಕೆ ಹೋದೆವು. ಖರಾಡಿಯ ಐಟಿ ಕಟ್ಟಡಗಳ ನಡುವಿನ ಮಾಲು. ದೊಡ್ಡ ಸ್ಟುಡಿಯೋದ ಸಿನಿಮಾ, ಪೋಸ್ಟರಿನಲ್ಲಿ ಅವರ ಹೆಸರು ನಾಯಕನ ಹೆಸರಿನಷ್ಟೇ ದಪ್ಪ. ಈಗಿನ ಟಾಕೀಸಿನಲ್ಲಿ ರೀಲು ಎಂಬುದೇ ಇಲ್ಲ. ಅಂಗೈಯಷ್ಟು ಡಿಸ್ಕ್ ಬರುತ್ತದೆ, ಹೇಳಿದ ಹೊತ್ತಿಗೆ ಮಾತ್ರ ತೆರೆಯುವ ಬೀಗದ ಅಂಕಿ ಬೇರೆ ಬರುತ್ತದೆ. ಬಾಬುರಾವ್ ಅಭ್ಯಾಸದಿಂದ ತಿರುಗಿ ಹಿಂದಿನ ಗೋಡೆಯ ತೂತು ನೋಡಿದರು, ಅಲ್ಲಿ ಮನುಷ್ಯರಿರಲಿಲ್ಲ. ಹಾಲಿನಲ್ಲಿ ಹನ್ನೊಂದು ಜನ.

"ಇಷ್ಟ ಮಂದಿನ?" ಎಂದು ಅವರು ಪಿಸುಗುಟ್ಟಿದರು. "ಮುಂದ ಅವ್ರಿಗೆ ಪಿಕ್ಚರ್ ಕೊಡ್ತಾರೋ ಇಲ್ಲೋ?" ನನಗೂ ಅದೇ ಅಂಜಿಕೆ. ಸಿನಿಮಾ ಚೆನ್ನಾಗಿತ್ತು. ಆದರೂ ನಾನು ನಡುನಡುವೆ ಖಾಲಿ ಕುರ್ಚಿಗಳನ್ನೇ ಎಣಿಸುತ್ತಿದ್ದೆ.

ಮುಗಿದ ಮೇಲೆ ಕೆಳಗಿನ ಬೆಂಚಿನ ಮೇಲೆ ಕೂತು ಚಹಾ ಕುಡಿಯುವಾಗ, ಎಷ್ಟೋ ವರ್ಷದಿಂದ ಬಾಯಿಗೆ ಬಂದು ನುಂಗಿಕೊಂಡಿದ್ದ ಮಾತು ಹೊರಬಂತು. "ಬಾಬುರಾವ್, ಆ ಡಬ್ಬಿ ಖರೇನ ಬಿಸಿ ಇತ್ತಲ್ರಿ?"

ಅವರು ಕಪ್ಪನ್ನು ಕೆಳಗಿಟ್ಟರು.

"ನಾ ಮುಟ್ಟಿರಲಿಲ್ರಿ ಅಕ್ಕಾರ," ಎಂದರು. "ಕೈ ಮುಂದ ಒಯ್ದೆ. ನಮ್ಮಪ್ಪನ ಕಾರ್ಖಾನಿ ನೆನಪಾತು. ಒಂದ ಇಂಚು ಇರೂವಾಗ ಕೈ ನಿಂತ ಬಿಡ್ತು. ನೀವು ಬಿಸಿ ಅಂದಿದ್ರಿ, ನಾ ಹೂಂ ಅಂದೆ. ಇಷ್ಟ ವರ್ಷ ಇದನ್ನ ಯಾರಿಗೂ ಹೇಳಿಲ್ರಿ."

ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಇಬ್ಬರ ಮಾತೆಂದು ನಾನು ಅಡೆಲ್‌ಗೆ ಕೊಟ್ಟದ್ದು ಒಬ್ಬಳ ಮಾತು. ಅದೂ ಹೆದರಿದ ಕೈಯ ಮಾತು.

ನಾಲ್ಕು ದಿನ ಒದ್ದಾಡಿ ಅಡೆಲ್‌ಗೆ ಇಮೇಲ್ ಬರೆದೆ. ಬಾಬುರಾವ್ ಒಪ್ಪಿಗೆ ಕೇಳಿಯೇ ಬರೆದದ್ದು. ಆದದ್ದು ಆದಂತೆ, ಹತ್ತು ಸಾಲು. ಕಳಿಸಿದ ಮೇಲೆ ಫೋನಿನಲ್ಲಿ ಅವರ ಹೆಸರು ಕಂಡೀತೆಂದು ಅದನ್ನು ಮಗುಚಿ ಇಡುತ್ತಿದ್ದೆ. ಆರನೆಯ ದಿನ ಉತ್ತರ ಬಂತು. ದೇವರ ಮುಂದೆ ದೀಪ ಹಚ್ಚಿ, ಕೈ ತೊಳೆದುಕೊಂಡು ಬಂದು ತೆರೆದೆ. ಕನ್ನಡದಲ್ಲಿ ಅದು ಹೀಗಿದೆ:

'ಗಿರಿಜಾ, ಡಬ್ಬಿ ಬಿಸಿ ಇತ್ತೋ ಇಲ್ಲವೋ ನನಗೂ ಗೊತ್ತಿಲ್ಲ. ಒದ್ದೆ ಟವಲು ಸುತ್ತಿತ್ತು, ನನ್ನ ಕೈ ಮರಗಟ್ಟಿತ್ತು. ಆದರೆ ಬಾಬುರಾವ್ ಅದನ್ನು ಮುಟ್ಟಲಿಲ್ಲ ಎಂಬುದು ನನಗೆ ಆಗಲೇ ಗೊತ್ತಿತ್ತು. ನಾನು ಅವರ ಎದುರಿಗೇ ನಿಂತಿದ್ದೆ. ಸ್ಟುಡಿಯೋದವರಿಗಾಗಿ ನಾನು ಮಾಡಿದ ಮೊದಲ ಸಿನಿಮಾದಲ್ಲಿ ಒಬ್ಬ ಲೈಟ್‌ಮನ್ ಮಳೆಯಲ್ಲಿ ನೆನೆದ ಮಾಡಿನ ಮೇಲೆ ನಿಂತಿದ್ದ. ದೀಪದ ಕಡೆಗೆ ಚಾಚಿದ ಅವನ ಕೈಯೂ ಹೆದರಿ ಹಾಗೆಯೇ ಅರ್ಧದಲ್ಲಿ ನಿಂತಿತ್ತು. ನಾನು ನೋಡಿದೆ. ನೋಡಿಯೂ ಇನ್ನೊಂದು ಸಲ ಎಂದೆ. ಆ ದಿನ ಆ ದೃಶ್ಯ ಸಿಗದಿದ್ದರೆ ನನ್ನ ಹಿಂದೆ ಬರುವವರಿಗೆಲ್ಲ ಬಾಗಿಲು ಮುಚ್ಚುತ್ತದೆ ಎಂದು ಹೆದರಿದ್ದೆ. ಅವನು ಬಿದ್ದ. ಇಂದಿಗೂ ಕೋಲು ಊರಿ ನಡೆಯುತ್ತಾನೆ. ಆ ರೀಲಿನಲ್ಲಿದ್ದ ಹೆಸರು ನನಗೆ ಬೇಕಿತ್ತು. ಈಗಲೂ ಬೇಕು. ಅದಕ್ಕಾಗಿ ಇನ್ನೊಬ್ಬ ಮನುಷ್ಯನ ಕೈಯನ್ನು ಮುಂದೆ ತಳ್ಳಲು ನನ್ನಿಂದ ಆಗಲಿಲ್ಲ. ಇದನ್ನು ಅವರಿಗೆ ಹೇಳು.'

ಬಾಬುರಾವ್‌ಗೆ ಫೋನ್ ಹಚ್ಚಿ, ಒಂದೊಂದೇ ಸಾಲನ್ನು ಕನ್ನಡಕ್ಕೆ ತಿರುಗಿಸುತ್ತ ಓದಿ ಹೇಳಿದೆ. ಆ ಕಡೆಯಿಂದ ಅವರ ಮನೆಯ ಕುಕ್ಕರಿನ ಸೀಟಿ ಕೇಳಿತು. ಅವರು ಉಸಿರಾಡುವುದೂ ಕೇಳುತ್ತಿತ್ತು.

"ಇನ್ನೊಮ್ಮೆ ಓದ್ರಿ ಅಕ್ಕಾರ," ಎಂದರು.

ಓದಿದೆ.